ಕರುಳಿನ ಶಸ್ತ್ರಕ್ರಿಯೆಯಾದ ಮಗುವಿನ ಶುಶ್ರೂಷೆ

ಕಾಯಿಲೆಯ ಮಗುವಿಗೆ ನಮ್ಮ ಮನೆಗಳಲ್ಲಿ ಮೊದಲು ಮಾಡುವ ಉಪಚಾರವೆಂದರೆ ಏನನ್ನಾದರೂ ಬಾಯಿಗೆ ಹಾಕುವುದು. ಜ್ವರ ಬಂದರೆ ಗಂಜಿ, ನೆಗಡಿಯಾದರೆ ಮೆಣಸಿನ ಸಾರು, ಬಿದ್ದು ಅತ್ತರೆ ಒಂದು ಚೂರು ಬೆಲ್ಲ. ತಾಯಿಯ ಪ್ರೀತಿಯೂ ಅಜ್ಜಿಯ ಅಕ್ಕರೆಯೂ ತುತ್ತಿನ ರೂಪವನ್ನು ತಾಳಿಯೇ ಮಗುವನ್ನು ಮುಟ್ಟುವುವು. ಇದರಲ್ಲಿ ತಪ್ಪೇನೂ ಇಲ್ಲ. ಆದರೆ ಆ ತುತ್ತು ಹಾದುಹೋಗಬೇಕಾದ ದಾರಿಯನ್ನೇ ಶಸ್ತ್ರವೈದ್ಯರು ಕೊಯ್ದು ಹೊಲಿದಿರುವಾಗ ಮನೆಯವರು ಏನು ಮಾಡತಕ್ಕದ್ದು? ಕೈ ಮುರಿದುಕೊಂಡ ಮಗುವಿಗೆ ಹಾಲನ್ನ ಕಲಸಿ ತಿನ್ನಿಸಬಹುದು. ಕರುಳಿಗೆ ಹೊಲಿಗೆ ಬಿದ್ದ ಮಗುವಿಗೆ ಅದೇ ಹಾಲನ್ನವು ಯಾವಾಗ ಹಿತ, ಯಾವಾಗ ಅಹಿತ ಎಂಬುದನ್ನು ತಿಳಿದಿರಬೇಕಾಗುವುದು. ಇಂತಹ ಮಗುವಿನ ಶುಶ್ರೂಷೆಯಲ್ಲಿ ಚಮಚಕ್ಕಿಂತ ಮುಂಚೆ ಕಣ್ಣು ಕೆಲಸಮಾಡಬೇಕು. ಯಾವುದನ್ನು ನೋಡುತ್ತಿರಬೇಕು, ಯಾವುದಕ್ಕೆ ಹೆದರಬೇಕು, ಯಾವುದಕ್ಕೆ ಹೆದರಬೇಕಾಗಿಲ್ಲ ಎಂಬುದನ್ನು ಗೃಹಸ್ಥರು ಅರಿತಿದ್ದರೆ ಎಷ್ಟೋ ಸಂಕಟವು ತಪ್ಪುವುದೆಂದು ನಾವು ಇದನ್ನು ಬರೆಯುತ್ತಿದ್ದೇವೆ. ಇದು ವೈದ್ಯರ ಮಾತಿಗೆ ಬದಲಲ್ಲ. ಆಸ್ಪತ್ರೆಯ ಗಡಿಬಿಡಿಯಲ್ಲಿ ಅವರು ಹೇಳಿದ ಮಾತು ಮನೆಗೆ ಬಂದಮೇಲೆ ಅರ್ಥವಾಗಲೆಂಬುದಷ್ಟೇ ನಮ್ಮ ಉದ್ದೇಶ.

ಎಳೆಯ ಮಕ್ಕಳಿಗೆ ಕರುಳಿನ ಶಸ್ತ್ರಕ್ರಿಯೆ ಏತಕ್ಕೆ ಬೇಕಾಗುವುದೆಂದು ಕೆಲವರು ಕೇಳಬಹುದು. ಹುಟ್ಟಿದ ಕೆಲವು ವಾರಗಳಲ್ಲಿ ಜಠರದ ಕೆಳಬಾಗಿಲು ದಪ್ಪನಾಗಿ ಬಿಗಿದುಕೊಂಡು, ಕುಡಿದ ಹಾಲೆಲ್ಲ ಚಿಮ್ಮಿ ಹೊರಕ್ಕೆ ಬರುವ ಶಿಶುಗಳುಂಟು. ಹೆಣ್ಣುಮಕ್ಕಳಿಗಿಂತ ಗಂಡುಮಕ್ಕಳಲ್ಲಿ ಇದು ಹೆಚ್ಚು. ವರ್ಷ ತುಂಬುವುದರೊಳಗಿನ ಕೂಸುಗಳಲ್ಲಿ ಕೆಲವು ವೇಳೆ ಕರುಳಿನ ಒಂದು ಭಾಗವು ಮುಂದಿನ ಭಾಗದೊಳಕ್ಕೆ, ಅಂಗಿಯ ತೋಳನ್ನು ಒಳಕ್ಕೆ ಮಡಿಸಿದ ಹಾಗೆ, ಸೇರಿಕೊಂಡುಬಿಡುವುದು. ಆಗ ಮಗು ಬಿಟ್ಟು ಬಿಟ್ಟು ಕಾಲು ಮಡಿಸಿಕೊಂಡು ಕಿರುಚುವುದು. ಮಲದಲ್ಲಿ ರಕ್ತವೂ ಲೋಳೆಯೂ ಕಾಣುವುವು. ಈಗ ಇಂತಹವರಲ್ಲಿ ಬಹುಮಂದಿಗೆ ಗುದದ್ವಾರದ ಮೂಲಕ ಗಾಳಿಯನ್ನೋ ನೀರನ್ನೋ ಹಾಯಿಸಿ ಕರುಳನ್ನು ಹಿಂದಕ್ಕೆ ಸರಿಸುವರು. ಅದು ಸಾಗದಿದ್ದರೆ ಮಾತ್ರ ಶಸ್ತ್ರಕ್ರಿಯೆ. ದೊಡ್ಡ ಮಕ್ಕಳಲ್ಲಿ ಅಪೆಂಡಿಕ್ಸಿನ ಬಾವು ಎಲ್ಲರೂ ಕೇಳಿದ್ದೇ. ಇನ್ನು, ಗುದದ್ವಾರವಿಲ್ಲದೆಯೇ ಹುಟ್ಟುವ ಶಿಶುಗಳೂ, ದೊಡ್ಡ ಕರುಳಿನ ಕೊನೆಯ ಭಾಗದಲ್ಲಿ ನರಕಣಗಳಿಲ್ಲದೆ ಮಲವು ಮುಂದಕ್ಕೆ ಸಾಗದ ಶಿಶುಗಳೂ ಉಂಟು. ಇವೆರಡೂ ಸುಮಾರು ಐದು ಸಾವಿರ ಜನನಗಳಿಗೆ ಒಂದರಂತೆ ಕಂಡುಬರುವುವು. ಎರಡನೆಯದನ್ನು ಕೋಪನ್‌ಹೇಗನ್ನಿನ ಮಕ್ಕಳ ವೈದ್ಯ ಹೆರಾಲ್ಡ್ ಹಿರ್ಷ್‌ಸ್ಪ್ರಂಗ್ ಎಂಬವರು ೧೮೮೬ರಲ್ಲಿ ವಿವರಿಸಿದರು. ಅದನ್ನು ಗುಣಪಡಿಸುವ ಶಸ್ತ್ರಕ್ರಿಯೆಯನ್ನು ಬಾಸ್ಟನ್ನಿನ ಆರ್ವರ್ ಸ್ವೆನ್ಸನ್ ೧೯೪೮ರಲ್ಲಿ ಪ್ರಕಟಿಸಿದರು. ರೋಗಕ್ಕೆ ಹೆಸರು ಬಂದಮೇಲೆ ಪರಿಹಾರ ಬರುವುದಕ್ಕೆ ೬೨ ವರ್ಷ ಹಿಡಿಯಿತು. ಇಂದು ಆ ಪರಿಹಾರವು ನಮ್ಮ ರಾಜ್ಯದ ದೊಡ್ಡ ಆಸ್ಪತ್ರೆಗಳಲ್ಲಿಯೇ ದೊರೆಯುತ್ತಿದೆ. ಆದರೆ ಶಸ್ತ್ರಕ್ರಿಯೆಯು ಕೆಲವು ಗಂಟೆಗಳ ಕೆಲಸ. ಶುಶ್ರೂಷೆಯು ವಾರಗಳ, ಕೆಲವರಿಗೆ ತಿಂಗಳುಗಳ ಕೆಲಸ.

ಕರುಳೆಂಬುದು ಬರಿಯ ಕೊಳವೆಯಲ್ಲ. ಅದು ತನ್ನಷ್ಟಕ್ಕೆ ತಾನೇ ಅಲೆಯಲೆಯಾಗಿ ಕುಗ್ಗಿ ಹಿಗ್ಗಿ ಆಹಾರವನ್ನು ಮುಂದಕ್ಕೆ ತಳ್ಳುತ್ತಿರುವುದು. ಶಸ್ತ್ರವೈದ್ಯರ ಕೈ ಸೋಕಿದೊಡನೆ ಈ ಚಲನೆಯು ಸ್ತಬ್ಧವಾಗುವುದು. ಸಣ್ಣ ಕರುಳು ಸಾಮಾನ್ಯವಾಗಿ ಒಂದು ದಿನದೊಳಗೆ, ಜಠರವು ಒಂದೆರಡು ದಿನಗಳಲ್ಲಿ, ದೊಡ್ಡ ಕರುಳು ಎರಡು ಮೂರು ದಿನಗಳಲ್ಲಿ ಮತ್ತೆ ಚಲಿಸಲು ತೊಡಗುವುದು. ಅಲ್ಲಿಯವರೆಗೆ ಮೇಲಿನಿಂದ ಹಾಕಿದ್ದು ಕೆಳಗಿಳಿಯದೆ ನಿಂತು, ಹೊಟ್ಟೆಯನ್ನು ಉಬ್ಬಿಸಿ, ಹೊಸ ಹೊಲಿಗೆಯನ್ನು ಎಳೆಯಬಹುದು. ಇದಕ್ಕಾಗಿಯೇ ಕೆಲವು ಮಕ್ಕಳ ಮೂಗಿನಿಂದ ಜಠರಕ್ಕೆ ಒಂದು ತೆಳುವಾದ ನಳಿಗೆಯನ್ನು ಇಳಿಸಿರುವರು. ಅದನ್ನು ನೋಡಿ ಎದೆಯೊಡೆದುಕೊಳ್ಳುವ ತಾಯಂದಿರು ಒಂದು ಮಾತನ್ನು ತಿಳಿಯಬೇಕು: ಆ ನಳಿಗೆಯು ಮಗುವನ್ನು ವಾಂತಿಯ ಬಾಧೆಯಿಂದ ಕಾಪಾಡುತ್ತಿದೆ. ಅದರಲ್ಲಿ ಮೊದಲು ಹಸುರು ಬಣ್ಣದ ದ್ರವವು ಬರಬಹುದು, ಅದು ಪಿತ್ತರಸ. ಪಿತ್ತವು ಜಠರದ ಕೆಳಗೆ, ಸಣ್ಣ ಕರುಳಿನ ಆರಂಭದಲ್ಲಿ ಬಂದು ಸೇರುವುದರಿಂದ, ಕೆಳಗೆ ದಾರಿ ತೆರೆಯದಿದ್ದಾಗ ಅದು ಮೇಲಕ್ಕೆ ಉಕ್ಕುವುದು. ದಿನದಿನಕ್ಕೆ ದ್ರವವು ಕಡಿಮೆಯಾಗಿ, ಹಸುರು ತಿಳಿಯಾಗಿ, ನೀರಿನಂತಾದರೆ ಕರುಳು ಎಚ್ಚೆತ್ತಿತೆಂದು ಅರ್ಥ. ದಾದಿಯರು ದಿನವೂ ಆ ದ್ರವವನ್ನು ಅಳೆದು ಬರೆದುಕೊಳ್ಳುವುದು ಇದಕ್ಕೇ. ಶಸ್ತ್ರವೈದ್ಯರು ಬೆಳಗ್ಗೆ ಬಂದು ಮೊದಲು ಕೇಳುವುದು 'ಗಾಳಿ ಹೋಯಿತೇ?' ಎಂದು. ಬೇರೆಲ್ಲಿಯೂ ಜನರು ಬಾಯಿಬಿಟ್ಟು ಕೇಳದ ಈ ಪ್ರಶ್ನೆಗೆ 'ಹೋಯಿತು' ಎಂಬ ಉತ್ತರವು ಬಂದಾಗ ಆ ಕೊಠಡಿಯಲ್ಲಿ ಆಗುವ ಸಂತೋಷವನ್ನು ಕಂಡವರೇ ಬಲ್ಲರು.

ಬಾಯಿಗೆ ಏನೂ ಕೊಡಬಾರದೆಂದು ಹೇಳಿರುವ ಹೊತ್ತಿನಲ್ಲಿ ಮಗು ನೀರು ನೀರೆಂದು ಅಳುವುದನ್ನು ನೋಡುವುದು ಬಹಳ ಕಷ್ಟ. ನೋಡಲು ಬಂದ ನೆಂಟರಲ್ಲಿ ಯಾರಾದರೊಬ್ಬರು ಕನಿಕರಪಟ್ಟು, ದಾದಿಯು ಆಚೆಗೆ ಹೋದಾಗ ಒಂದು ಗುಟುಕು ಎಳನೀರನ್ನೋ ಬಿಸ್ಕತ್ತಿನ ಚೂರನ್ನೋ ಕೊಟ್ಟುಬಿಡುವುದುಂಟು. ಹೀಗೆ ಮಾಡಕೂಡದು. ಮಗುವಿಗೆ ಬೇಕಾದ ನೀರು, ಉಪ್ಪು, ಸಕ್ಕರೆಗಳನ್ನು ಅದರ ತೂಕಕ್ಕೆ ಸರಿಯಾಗಿ ಲೆಕ್ಕಹಾಕಿ ರಕ್ತನಾಳದ ಮೂಲಕ ಏರಿಸುತ್ತಿರುವರು. ಒಣಗಿರುವುದು ಬಾಯಿ ಮಾತ್ರ. ಅದಕ್ಕೆ ಮಾಡಬಹುದಾದ ಉಪಚಾರವೂ ಬೇಕಾದಷ್ಟಿದೆ. ಶುದ್ಧವಾದ ಮೆತ್ತನೆಯ ಬಟ್ಟೆಯನ್ನು ನೀರಿನಲ್ಲಿ ಅದ್ದಿ ಹಿಂಡಿ ತುಟಿಗೂ ನಾಲಗೆಗೂ ಸವರುವುದು, ತುಟಿಗೆ ಸ್ವಲ್ಪ ವ್ಯಾಸಲೀನು ಹಚ್ಚುವುದು, ಬಲ್ಲ ಮಗುವಾದರೆ ಬಾಯಿ ಮುಕ್ಕಳಿಸಿ ಉಗುಳಿಸುವುದು, ಇವುಗಳನ್ನು ದಾದಿಯ ಒಪ್ಪಿಗೆ ಪಡೆದು ತಾಯಿಯೇ ಗಂಟೆಗೊಮ್ಮೆ ಮಾಡಬಹುದು. ಮೊಲೆಯುಣ್ಣುವ ಕೂಸಾದರೆ ತಾಯಿಗೆ ಇನ್ನೊಂದು ಮುಖ್ಯವಾದ ಕೆಲಸವಿದೆ. ಕೂಸು ಕುಡಿಯದ ದಿನಗಳಲ್ಲಿಯೂ ಹಗಲು ರಾತ್ರಿ ಸೇರಿ ಎಂಟು ಸಲವಾದರೂ ಹಾಲನ್ನು ಹಿಂಡುತ್ತಿರಬೇಕು. ಇಲ್ಲದಿದ್ದರೆ ಕೂಸಿಗೆ ಹಸಿವು ಮರಳುವ ಹೊತ್ತಿಗೆ ಎದೆಯಲ್ಲಿ ಹಾಲು ಬತ್ತಿರುವುದು. ಶಸ್ತ್ರಕ್ರಿಯೆಯಾದ ಕರುಳಿಗೆ ತಾಯಿಯ ಹಾಲಿಗಿಂತ ಸುಲಭವಾಗಿ ಒಗ್ಗುವ ಆಹಾರವು ಬೇರೊಂದಿಲ್ಲ.

ಹಾಗೆಂದು ದಿನಗಟ್ಟಲೆ ಉಪವಾಸ ಕೆಡವಿದಷ್ಟೂ ಒಳ್ಳೆಯದೆಂದು ತಿಳಿಯಬಾರದು. ಹಿಂದಿನ ಪದ್ಧತಿ ಹಾಗಿತ್ತು. ಈಗ ಅದು ಬದಲಾಗಿದೆ. ಕರುಳು ಆಹಾರದಿಂದಲೇ ಬಲಗೊಳ್ಳುವುದೆಂದೂ, ಬೇಗನೆ ಸ್ವಲ್ಪ ಸ್ವಲ್ಪವಾಗಿ ಉಣಿಸಲು ಮೊದಲುಮಾಡಿದ ಮಕ್ಕಳು ಬೇಗನೆ ಮನೆಗೆ ಹೋಗುವರೆಂದೂ ವೈದ್ಯರು ಕಂಡುಕೊಂಡಿರುವರು. ಜಠರದ ಕೆಳಬಾಗಿಲಿನ ಶಸ್ತ್ರಕ್ರಿಯೆಯಾದ ಶಿಶುವಿಗೆ ಕೆಲವು ಗಂಟೆಗಳಲ್ಲಿಯೇ ಹಾಲು ಕೊಡುವರು. ಅಂತಹ ಶಿಶುವು ಮೊದಲ ಒಂದೆರಡು ದಿನ ಆಗಾಗ್ಗೆ ಹಾಲನ್ನು ಕಕ್ಕಿದರೆ ಶಸ್ತ್ರಕ್ರಿಯೆ ಕೆಟ್ಟಿತೆಂದು ಗಾಬರಿಪಡಬೇಕಾಗಿಲ್ಲ. ಬಾವು ಒಡೆಯದ ಅಪೆಂಡಿಕ್ಸನ್ನು ತೆಗೆಸಿಕೊಂಡ ಹುಡುಗನು ಅದೇ ದಿನವೋ ಮರುದಿನವೋ ಗಂಜಿ ಕುಡಿಯಬಹುದು. ಕರುಳನ್ನು ಕತ್ತರಿಸಿ ಜೋಡಿಸಿದ್ದರೆ ಕಾಯುವುದು ಇನ್ನೂ ಸ್ವಲ್ಪ ಹೆಚ್ಚು. ಆದ್ದರಿಂದ ಪಕ್ಕದ ಹಾಸಿಗೆಯ ಮಗುವಿಗೆ ಕೊಟ್ಟರು, ನಮ್ಮದಕ್ಕೆ ಕೊಡಲಿಲ್ಲ ಎಂಬ ಹೋಲಿಕೆಯು ಸಲ್ಲದು.

ನೋವಿನ ವಿಷಯದಲ್ಲಿ ಹೆತ್ತವರು ಸಂಕೋಚವಿಲ್ಲದೆ ಬಾಯಿಬಿಡಬೇಕು. ೧೯೮೦ರ ದಶಕದವರೆಗೂ ಎಳೆಯ ಶಿಶುಗಳಿಗೆ ನೋವು ಅಷ್ಟಾಗಿ ತಿಳಿಯದೆಂಬ ನಂಬಿಕೆಯು ವೈದ್ಯರಲ್ಲಿಯೇ ಇದ್ದಿತು. ಭಾರತದಲ್ಲಿ ಹುಟ್ಟಿದ ವೈದ್ಯರಾದ ಕನ್ವಲ್‌ಜೀತ್ ಆನಂದ್ ಎಂಬವರೂ ಅವರ ಸಹೋದ್ಯೋಗಿಗಳೂ ಇಂಗ್ಲೆಂಡಿನ ಆಕ್ಸ್‌ಫರ್ಡಿನಲ್ಲಿ ನಡೆಸಿ ೧೯೮೭ರಲ್ಲಿ ಪ್ರಕಟಿಸಿದ ಪರೀಕ್ಷೆಯು ಆ ನಂಬಿಕೆಯನ್ನು ಅಲುಗಿಸಿತು. ಬಲವಾದ ನೋವುನಿವಾರಕವನ್ನು ಕೊಟ್ಟು ಶಸ್ತ್ರಕ್ರಿಯೆ ಮಾಡಿದ, ತಿಂಗಳು ತುಂಬದೆ ಹುಟ್ಟಿದ ಶಿಶುಗಳು ಉಳಿದವುಗಳಿಗಿಂತ ಚೆನ್ನಾಗಿ ಚೇತರಿಸಿಕೊಂಡುವು. ಮಾತು ಬಾರದ ಮಗುವಿನ ನೋವನ್ನು ಅಳೆಯುವುದಕ್ಕೆ ದಾದಿಯರು ಐದು ಸಂಗತಿಗಳನ್ನು ನೋಡುವರು: ಮುಖದ ಸುಕ್ಕು, ಕಾಲುಗಳ ಬಿಗಿತ, ಮೈಯ ಹೊರಳಾಟ, ಅಳುವಿನ ರೀತಿ, ಎತ್ತಿ ಸಮಾಧಾನಪಡಿಸಿದರೆ ಸುಮ್ಮನಾಗುವುದೋ ಇಲ್ಲವೋ ಎಂಬುದು. ಒಂದೊಂದಕ್ಕೆ ಸೊನ್ನೆಯಿಂದ ಎರಡರವರೆಗೆ ಅಂಕ, ಒಟ್ಟು ಹತ್ತು. ಇದನ್ನು ಮನೆಯಲ್ಲಿಯೂ ಮಾಡಬಹುದು. ಅಳದೆ ಮಲಗಿರುವ ಮಗುವಿಗೆ ನೋವಿಲ್ಲವೆಂದು ತಿಳಿಯಬೇಡಿರಿ. ಅಲುಗಿದರೆ ನೋಯುವುದೆಂದು ಕಲ್ಲಿನಂತೆ ಬಿದ್ದುಕೊಂಡಿರುವ ಮಕ್ಕಳುಂಟು. ನೋವು ತಗ್ಗಿದರೆ ಮಗು ಕೆಮ್ಮುವುದು, ಉಸಿರೆಳೆಯುವುದು, ಎದ್ದು ನಡೆಯುವುದು; ಇವುಗಳಿಂದ ಕಫ ಕಟ್ಟದೆ, ಕರುಳೂ ಬೇಗನೆ ಎಚ್ಚರಗೊಳ್ಳುವುದು. ಕೆಮ್ಮುವಾಗ ಒಂದು ಸಣ್ಣ ದಿಂಬನ್ನು ಹೊಟ್ಟೆಗೆ ಅವುಚಿಕೊಳ್ಳಲು ಹೇಳಿಕೊಡುವುದು. ಆಳವಾಗಿ ಉಸಿರಾಡೆಂದರೆ ನಾಲ್ಕು ವರ್ಷದ ಮಗುವಿಗೆ ತಿಳಿಯದು. ಸಾಬೂನಿನ ಗುಳ್ಳೆಗಳನ್ನು ಊದಲು ಕೊಟ್ಟರೆ ತಾನಾಗಿಯೇ ಮಾಡುವುದು.

ಇಲ್ಲಿ ತಾಯಿಯ ಸಾಮೀಪ್ಯದ ಮಾತನ್ನು ಹೇಳದೆ ಮುಂದಕ್ಕೆ ಹೋಗಲಾರೆವು. ಸ್ಕಾಟ್ಲೆಂಡಿನ ಗ್ಲಾಸ್ಗೋ ನಗರದಲ್ಲಿ ಜೇಮ್ಸ್ ನಿಕೋಲ್ ಎಂಬ ಶಸ್ತ್ರವೈದ್ಯರು, ಮಕ್ಕಳ ಆಸ್ಪತ್ರೆಯ ಹೊರರೋಗಿ ವಿಭಾಗದಲ್ಲಿ ಹತ್ತು ವರ್ಷಗಳಲ್ಲಿ ನಡೆದ ೮,೯೮೮ ಶಸ್ತ್ರಕ್ರಿಯೆಗಳ ವರದಿಯನ್ನು ೧೯೦೯ರಲ್ಲಿ ಪ್ರಕಟಿಸಿದರು. ಆಸ್ಪತ್ರೆಯ ಹಾಸಿಗೆಯಲ್ಲಿ ಒಂಟಿಯಾಗಿ ಮಲಗಿಸುವುದಕ್ಕಿಂತ ತಾಯಿಯ ಮಗ್ಗುಲಲ್ಲಿಯೇ ಎಳೆಯ ಮಗು ಚೆನ್ನಾಗಿ ಗುಣಹೊಂದುವುದೆಂಬುದು ಅವರ ವಾದ. ಮನೆಗೆ ಹೋದ ಮಕ್ಕಳನ್ನು ದಾದಿಯರು ಹೋಗಿ ನೋಡಿಕೊಂಡು ಬರುತ್ತಿದ್ದರು. ತಾಯಿ ಮಕ್ಕಳು ಒಟ್ಟಿಗೆ ಇರಲೆಂದು ಆಸ್ಪತ್ರೆಯ ಬಳಿ ಒಂದು ಸಣ್ಣ ಮನೆಯನ್ನೂ ಗೊತ್ತುಮಾಡಿದ್ದರು. ಅವರ ಮಾತಿಗೆ ಆಗ ಬೆಲೆ ಬರಲಿಲ್ಲ. ೧೯೫೨ರಲ್ಲಿ ಜೇಮ್ಸ್ ರಾಬರ್ಟ್‌ಸನ್ ಎಂಬವರು, ಹೊಕ್ಕುಳಿನ ಶಸ್ತ್ರಕ್ರಿಯೆಗಾಗಿ ಎಂಟು ದಿನ ಲಂಡನ್ನಿನ ಆಸ್ಪತ್ರೆಯಲ್ಲಿ ಹೆತ್ತವರಿಂದ ಅಗಲಿದ್ದ ಎರಡು ವರ್ಷದ ಹುಡುಗಿಯೊಬ್ಬಳ ಚಲನಚಿತ್ರವನ್ನು ತೆಗೆದು ತೋರಿಸಿದಮೇಲೆ ಅಲ್ಲಿಯವರ ಕಣ್ಣು ತೆರೆಯಿತು. ೧೯೫೯ರಲ್ಲಿ ಸರಕಾರದ ಸಮಿತಿಯೊಂದು ಹೆತ್ತವರಿಗೆ ಎಲ್ಲ ಹೊತ್ತಿನಲ್ಲಿಯೂ ಪ್ರವೇಶವಿರಬೇಕೆಂದು ಸಲಹೆ ಕೊಟ್ಟಿತು. ನಮ್ಮ ಆಸ್ಪತ್ರೆಗಳಲ್ಲಿ ತಾಯಿಯು ಮಂಚದ ಕೆಳಗೆ ಚಾಪೆ ಹಾಸಿಕೊಂಡಾದರೂ ಮಗುವಿನ ಬಳಿಯಲ್ಲಿಯೇ ಇರುವಳು. ಸ್ಥಳದ ಅಡಚಣೆಯಿಂದ ಬೆಳೆದ ವಾಡಿಕೆ ಇದು. ಆದರೂ ಒಳ್ಳೆಯ ವಾಡಿಕೆ. ತಾಯಿಯ ಜೊತೆಗೆ ಹತ್ತು ಮಂದಿ ನೆಂಟರು ಬಂದು ಸುತ್ತುವರಿಯುವುದು ಮಾತ್ರ ಬೇರೆಯ ವಿಷಯ.

ಮನೆಗೆ ಬಂದಮೇಲೆ ಗಾಯದ ಪಾಲನೆಯು ಸುಲಭ. ಅದನ್ನು ಒಣಗಿದಂತೆ ಇಟ್ಟಿರಬೇಕು, ಮುಟ್ಟುವ ಮುಂಚೆ ಸಾಬೂನಿನಿಂದ ಕೈತೊಳೆಯಬೇಕು. ವೈದ್ಯರು ಹೇಳದೆ ಯಾವುದನ್ನೂ ಹಚ್ಚಬಾರದು. ಅರಿಸಿನ, ವಿಭೂತಿ, ಕೊಬ್ಬರಿ ಎಣ್ಣೆ ಯಾವುದೂ ಬೇಡ. ಹೊಟ್ಟೆಯ ಮೇಲೆ ಎಣ್ಣೆ ತಿಕ್ಕಿ ನೀವಿ ನೀರೆರೆಯುವುದನ್ನು ವೈದ್ಯರು ಒಪ್ಪುವವರೆಗೆ ನಿಲ್ಲಿಸತಕ್ಕದ್ದು. ಹರಳೆಣ್ಣೆ ಕುಡಿಸುವುದು, ಬಜೆ ತೇದು ನೆಕ್ಕಿಸುವುದು, ಗ್ರೈಪ್‌ವಾಟರು ಕೊಡುವುದು ಇವು ಇಂತಹ ಮಗುವಿಗೆ ಸಲ್ಲವು. ಹರಳೆಣ್ಣೆಯಂತೂ ಕರುಳನ್ನು ಬಲವಂತವಾಗಿ ಕುಗ್ಗಿಸುವುದರಿಂದ ಹೊಸ ಹೊಲಿಗೆಗೆ ಶತ್ರುವೇ ಸರಿ. ಗಾಯದ ಸುತ್ತ ಕೆಂಪೇರಿ, ಬಿಸಿಯಾಗಿ, ಕೀವು ಕಂಡರೆ ಅದೇ ದಿನ ವೈದ್ಯರಿಗೆ ತೋರಿಸಬೇಕು. ನಸುಗೆಂಪಿನ ನೀರು ಹಠಾತ್ತಾಗಿ ಸುರಿದು ಪಟ್ಟಿಯು ತೊಯ್ದುಹೋದರೆ ಒಳಗಿನ ಹೊಲಿಗೆಯು ಬಿಚ್ಚುತ್ತಿರಬಹುದು; ಒದ್ದೆಮಾಡಿದ ಶುದ್ಧವಾದ ಬಟ್ಟೆಯನ್ನು ಮುಚ್ಚಿ ಮಗುವನ್ನು ಮಲಗಿಸಿಕೊಂಡೇ ಆಸ್ಪತ್ರೆಗೆ ಧಾವಿಸತಕ್ಕದ್ದು.

ಔಷಧದ ಬಗ್ಗೆ ಒಂದು ಎಚ್ಚರಿಕೆ. ಪ್ಯಾರಸಿಟಮಾಲ್ ಎಂಬ ಒಂದೇ ಹೆಸರಿನ ಪಾನಕವು ಅಂಗಡಿಗಳಲ್ಲಿ ಬೇರೆ ಬೇರೆ ಶಕ್ತಿಯಲ್ಲಿ ದೊರೆಯುವುದು; ಒಂದರ ೫ ಮಿಲಿಲೀಟರಿನಲ್ಲಿ ೧೨೦ ಮಿಲಿಗ್ರಾಂ, ಇನ್ನೊಂದರಲ್ಲಿ ೨೫೦ ಮಿಲಿಗ್ರಾಂ; ಹನಿಯಾಗಿ ಹಾಕುವ ಸಣ್ಣ ಸೀಸೆಯಲ್ಲಿ ಇನ್ನೂ ತೀಕ್ಷ್ಣ. ಹಳೆಯ ಸೀಸೆ ಮುಗಿದು ಹೊಸದನ್ನು ತಂದಾಗ ಶಕ್ತಿಯು ಅದೇ ಇದೆಯೇ ಎಂದು ಓದಿ ನೋಡದೆ ಅದೇ ಅಳತೆಯಲ್ಲಿ ಕೊಟ್ಟರೆ ಎರಡರಷ್ಟು ಔಷಧವು ಹೊಟ್ಟೆಗೆ ಬೀಳುವುದು. ಅಡಿಗೆಮನೆಯ ಚಮಚದಿಂದ ಅಳೆಯದೆ ಸೀಸೆಯ ಜೊತೆಗೆ ಬರುವ ಅಳತೆಯನ್ನೇ ಬಳಸಬೇಕು.

ಇನ್ನು ಊಟ. 'ನಂಜು' ಎಂಬ ಮಾತು ನಮ್ಮ ಮನೆಗಳಲ್ಲಿ ಗಾಯಗೊಂಡವರ ತಟ್ಟೆಯನ್ನು ಆಳುವುದು. ಬದನೆಕಾಯಿ ನಂಜು, ಮೊಟ್ಟೆ ನಂಜು, ಮೀನು ನಂಜು, ಬೇಳೆಯೂ ವಾಯುವೆಂದು ತೆಗೆದು, ಕೊನೆಗೆ ಮಗುವಿಗೆ ಉಳಿಯುವುದು ಬರಿಯ ತಿಳಿಗಂಜಿ ಮತ್ತು ಬ್ರೆಡ್ಡು. ಬದನೆಕಾಯಿಯನ್ನು ಬಿಟ್ಟರೆ ನಷ್ಟವೇನಿಲ್ಲ, ಹಿರಿಯರ ಮಾತನ್ನು ಅಷ್ಟಕ್ಕೆ ನಡೆಸೋಣ. ಆದರೆ ಗಾಯವು ಕೂಡುವುದು ಬೇಳೆ, ಹಾಲು, ಮೊಸರು, ಮೊಟ್ಟೆಗಳಲ್ಲಿರುವ ಸಾರದಿಂದಲೇ. ಒಂದು ತಿಂಗಳು ಗಂಜಿಯಲ್ಲಿಯೇ ಇಟ್ಟ ಮಗುವು ತೂಕ ಕಳೆದುಕೊಂಡು, ಗಾಯವೂ ಬಲಿಯದೆ ಸೊರಗುವುದು. ವೈದ್ಯರು ಊಟಕ್ಕೆ ಒಪ್ಪಿಗೆ ಕೊಟ್ಟಮೇಲೆ ಮೆತ್ತನೆಯ ಮೊಸರನ್ನ, ಬೇಳೆಯ ಕಟ್ಟು ಬೆರೆಸಿದ ಅನ್ನ, ಇಡ್ಲಿ, ಸೋಸಿದ ರಾಗಿಹಿಟ್ಟಿನ ಅಂಬಲಿ, ಬಾಳೆಯಹಣ್ಣು, ತಿನ್ನುವ ಮನೆಯಾದರೆ ಬೇಯಿಸಿದ ಮೊಟ್ಟೆ, ಇವುಗಳನ್ನು ಸ್ವಲ್ಪ ಸ್ವಲ್ಪವಾಗಿ ದಿನಕ್ಕೆ ಐದಾರು ಸಲ ಕೊಡುವುದು ಮೇಲು. ಮಗು ಬೇಡವೆಂದರೆ ಮೂಗು ಹಿಡಿದು ತುರುಕಬಾರದು. ಒಂದು ಹೊತ್ತು ಬೇಡವೆಂದದ್ದು ಹಟವಿರಬಹುದು. ಇಡೀ ದಿನ ಬೇಡವೆಂದದ್ದು ಸೂಚನೆ.

ಸೂಚನೆಗಳಲ್ಲೆಲ್ಲ ಮುಖ್ಯವಾದದ್ದು ಹಸುರು ವಾಂತಿ. ಮೊಸರಿನಂತೆ ಒಡೆದ ಬಿಳಿಯ ಹಾಲನ್ನು ಕೂಸುಗಳು ದಿನವೂ ಕಕ್ಕುವುವು, ಅದಕ್ಕೆ ಹೆದರಬೇಡಿರಿ. ಹುಲ್ಲಿನ ಹಸುರಿನ ವಾಂತಿಯಾದರೆ, ಕರುಳಿನಲ್ಲಿ ಎಲ್ಲಿಯೋ ದಾರಿ ಕಟ್ಟಿದೆಯೆಂದೇ ತಿಳಿದು, ಮಧ್ಯರಾತ್ರಿಯಾದರೂ ಹೊರಡತಕ್ಕದ್ದು. 'ಪಿತ್ತ ಹೆಚ್ಚಾಗಿದೆ, ನಿಂಬೆಯ ಪಾನಕ ಕೊಡೋಣ' ಎಂದು ಬೆಳಗಾಗುವವರೆಗೆ ಕಾಯ್ದು ಕರುಳನ್ನು ಕಳೆದುಕೊಂಡ ಮಕ್ಕಳುಂಟು. ತಿರುಚಿಕೊಂಡ ಕರುಳಿಗೆ ರಕ್ತವಿಲ್ಲದೆ ಕೆಲವು ಗಂಟೆಗಳಲ್ಲಿಯೇ ಸಾಯುವ ಸ್ವಭಾವವಿದೆ. ಹೊಟ್ಟೆಯು ತಮಟೆಯಂತೆ ಬಿಗಿದು ಉಬ್ಬುವುದು, ಮಲದಲ್ಲಿ ರಕ್ತ ಕಾಣುವುದು, ೧೦೦.೪ ಡಿಗ್ರಿ ಫ್ಯಾರನ್‌ಹೀಟಿಗೆ ಮೇಲ್ಪಟ್ಟ ಜ್ವರ, ಆರೆಂಟು ಗಂಟೆಗಳ ಕಾಲ ಮೂತ್ರವಿಲ್ಲದಿರುವುದು, ಎಬ್ಬಿಸಿದರೂ ಏಳದ ಮಂಕು, ಇವೂ ಕಾಯಲಾಗದ ಚಿಹ್ನೆಗಳೇ. ಇಂದು ಎಲ್ಲರ ಕೈಯಲ್ಲಿಯೂ ಮೊಬೈಲು ಇರುವುದರಿಂದ, ವಾಂತಿಯ ಅಥವಾ ಮಲದ ಬಣ್ಣವನ್ನು ಅದರಲ್ಲಿ ಚಿತ್ರ ತೆಗೆದುಕೊಂಡು ಹೋಗಬಹುದು. ಗಾಬರಿಯಾದ ತಂದೆಯ ವರ್ಣನೆಗಿಂತ ಆ ಚಿತ್ರವು ವೈದ್ಯರಿಗೆ ಹೆಚ್ಚು ಹೇಳುವುದು.

ಇದುವರೆಗೆ ಹೇಳಿದ್ದೆಲ್ಲ ಒಂದೆರಡು ವಾರಗಳ ಮಾತು. ಇದಕ್ಕಿಂತ ದೀರ್ಘವಾದ, ಮನೆಯವರ ಧೈರ್ಯವನ್ನು ಹೆಚ್ಚು ಪರೀಕ್ಷಿಸುವ ಶುಶ್ರೂಷೆಯೊಂದಿದೆ. ಗುದದ್ವಾರವಿಲ್ಲದೆ ಹುಟ್ಟಿದ ಅನೇಕ ಶಿಶುಗಳಿಗೂ, ಹಿರ್ಷ್‌ಸ್ಪ್ರಂಗ್ ರೋಗದ ಕೆಲವರಿಗೂ, ಮೊದಲು ಕರುಳನ್ನು ಹೊಟ್ಟೆಯ ಮೇಲಕ್ಕೆ ತಂದು ಅಲ್ಲಿ ಒಂದು ತಾತ್ಕಾಲಿಕ ದ್ವಾರವನ್ನು ಮಾಡುವರು. ಇದನ್ನು ಸ್ಟೋಮಾ ಎನ್ನುವರು. ದೊಡ್ಡ ಕರುಳಿನಿಂದಾದರೆ ಕೊಲೊಸ್ಟಮಿ, ಸಣ್ಣ ಕರುಳಿನ ಕೊನೆಯಿಂದಾದರೆ ಇಲಿಯೊಸ್ಟಮಿ. ಮಲವು ಅಲ್ಲಿಂದ ಹೊರಬೀಳುವುದು. ಮಗು ಬೆಳೆದ ಕೆಲವು ತಿಂಗಳ ಮೇಲೆ ಮುಖ್ಯ ಶಸ್ತ್ರಕ್ರಿಯೆ. ಅದು ಕೂಡಿಕೊಂಡಮೇಲೆ ಈ ದ್ವಾರವನ್ನು ಮುಚ್ಚುವುದು. ಗುದದ್ವಾರವನ್ನು ಸರಿಯಾದ ಸ್ಥಳದಲ್ಲಿ ಸ್ನಾಯುಗಳ ನಡುವೆ ರಚಿಸುವ ಇಂದಿನ ಕ್ರಮವನ್ನು ಆಲ್ಬರ್ಟೋ ಪೆನ್ಯಾ ಎಂಬ ವೈದ್ಯರು ೧೯೮೦ರಲ್ಲಿ ಮೆಕ್ಸಿಕೋ ದೇಶದಲ್ಲಿ ಆರಂಭಿಸಿದರು. ಒಟ್ಟಿನಲ್ಲಿ ಹಲವು ತಿಂಗಳು ಮನೆಯವರು ಈ ದ್ವಾರದೊಡನೆ ಬಾಳಬೇಕು.

ಮೊದಲು ನೋಡಿದಾಗ ಯಾರಿಗೂ ಎದೆ ಝಲ್ಲೆನ್ನುವುದು. ಕೆಂಪಗೆ ಒದ್ದೆಯಾಗಿರುವ ಅದು ತುಟಿಯ ಒಳಮೈಯಂತೆ ಕಾಣುವುದು, ಕಾಣಬೇಕಾದದ್ದೂ ಹಾಗೆಯೇ. ಮುಟ್ಟಿದರೆ ನೋಯದು, ಏಕೆಂದರೆ ಕರುಳಿನ ಮೈಗೆ ಸ್ಪರ್ಶದ ನೋವು ತಿಳಿಯದು. ಒರೆಸುವಾಗ ಒಂದೆರಡು ತೊಟ್ಟು ರಕ್ತ ಬಂದರೂ ಚಿಂತೆಯಿಲ್ಲ. ಅದು ಕಪ್ಪಾದರೆ, ನೀಲಿಗಟ್ಟಿದರೆ, ಅಥವಾ ಕರುಳು ಉದ್ದಕ್ಕೆ ಹೊರಬಂದು ಬಣ್ಣಗೆಟ್ಟರೆ ಮಾತ್ರ ಕೂಡಲೆ ಆಸ್ಪತ್ರೆಗೆ ಹೋಗತಕ್ಕದ್ದು. ನಿಜವಾದ ಕೆಲಸವಿರುವುದು ಸುತ್ತಲಿನ ಚರ್ಮದ ಪಾಲನೆಯಲ್ಲಿ. ಅಂಟಿಸುವ ಚೀಲವನ್ನು ಬಳಸುವವರು ಅದರ ರಂಧ್ರವನ್ನು ದ್ವಾರದ ಅಳತೆಗಿಂತ ಕೂದಲೆಳೆಯಷ್ಟು ಮಾತ್ರ ದೊಡ್ಡದಾಗಿ ಕತ್ತರಿಸಬೇಕು. ಅಗಲವಾದರೆ ನಡುವಿನ ಚರ್ಮವನ್ನು ಮಲವು ತಿನ್ನುವುದು. ಚರ್ಮವನ್ನು ಬೆಚ್ಚಗಿನ ನೀರಿನಿಂದ ತೊಳೆದು, ಒತ್ತಿ ಒರೆಸಿ, ಪೂರ್ತಿ ಒಣಗಿದಮೇಲೆ ಚೀಲವನ್ನು ಅಂಟಿಸುವುದು. ಎಣ್ಣೆ, ಪೌಡರು ಹಚ್ಚಿದರೆ ಚೀಲವು ಹಿಡಿಯದು. ಚೀಲದ ಮೂರನೆಯ ಒಂದು ಪಾಲು ತುಂಬಿದೊಡನೆ ಬರಿದುಮಾಡಬೇಕು, ಭಾರವಾದರೆ ಕಿತ್ತುಬರುವುದು. ಚೀಲದ ಬೆಲೆಯನ್ನು ತಾಳಲಾರದ ಮನೆಗಳಲ್ಲಿ ಹಳೆಯ ಹತ್ತಿಯ ಪಂಚೆಯನ್ನು ಒಗೆದು ಬಿಸಿಲಲ್ಲಿ ಒಣಗಿಸಿ ಮಡಿಸಿ ಕಟ್ಟುವರು. ಕೊಲೊಸ್ಟಮಿಯ ಕೂಸಿಗೆ ಅದೂ ಸಾಲುವುದು. ಒದ್ದೆಯಾದೊಡನೆ ಬದಲಾಯಿಸಿ, ಚರ್ಮಕ್ಕೆ ಸತುವಿನ ಮುಲಾಮನ್ನು ದಪ್ಪವಾಗಿ ಬಳಿಯುತ್ತಿರಬೇಕು. ಸ್ನಾನಮಾಡಿಸಬಹುದು, ನೀರು ಒಳಕ್ಕೆ ಹೋಗದು. ಎದೆಗೊತ್ತಿ ಎತ್ತಿಕೊಳ್ಳಬಹುದು, ಬೋರಲು ಮಲಗಿಸಿ ಆಡಿಸಬಹುದು.

ಇಲಿಯೊಸ್ಟಮಿಯಾದ ಮಗುವಿನಲ್ಲಿ ಇನ್ನೂ ಹೆಚ್ಚಿನ ಎಚ್ಚರ ಬೇಕು. ನೀರನ್ನೂ ಉಪ್ಪನ್ನೂ ಹೀರಿಕೊಳ್ಳುವ ದೊಡ್ಡ ಕರುಳನ್ನು ಮಲವು ಮುಟ್ಟದೆಯೇ ಹೊರಬೀಳುವುದರಿಂದ ಅವೆರಡೂ ಸೋರಿಹೋಗುವುವು. ಚೀಲವು ಎಂದಿಗಿಂತ ಬೇಗ ಬೇಗನೆ ನೀರಿನಂತೆ ತುಂಬುತ್ತಿದ್ದರೆ, ಮೂತ್ರದ ಬಟ್ಟೆಗಳು ದಿನಕ್ಕೆ ಆರಕ್ಕಿಂತ ಕಡಿಮೆಯಾದರೆ, ಕಣ್ಣು ಗುಳಿಬಿದ್ದರೆ, ತಡಮಾಡದೆ ಓ. ಆರ್. ಎಸ್. ದ್ರಾವಣವನ್ನು ವೈದ್ಯರು ಹೇಳಿದ ಪ್ರಮಾಣದಲ್ಲಿ ಕೊಡುತ್ತ ಹೊರಡಬೇಕು. ಪೊಟ್ಟಣದ ಮೇಲೆ ಎಷ್ಟು ನೀರಿಗೆಂದು ಬರೆದಿದೆಯೋ ಅಷ್ಟೇ ನೀರು. ದೊಡ್ಡ ಪೊಟ್ಟಣವಾದರೆ ಪೂರ್ತಿ ಒಂದು ಲೀಟರು. ಹಣ್ಣಿನ ರಸದ ಡಬ್ಬಿಗಳು ಇದಕ್ಕೆ ಬದಲಾಗಲಾರವು. ಚೆನ್ನಾಗಿ ಕುಡಿಯುತ್ತಿದ್ದರೂ ತೂಕ ಏರದ ಇಂತಹ ಮಗುವಿಗೆ ಉಪ್ಪಿನ ಕೊರತೆಯಿರಬಹುದು. ಆದ್ದರಿಂದ ವಾರಕ್ಕೊಮ್ಮೆ ಒಂದೇ ತಕ್ಕಡಿಯಲ್ಲಿ ತೂಗಿ ಬರೆದಿಡುವುದು ಉತ್ತಮ.

ನಮಗೆ ಪರಿಚಿತವಾದ ಒಂದು ಮನೆಯಲ್ಲಿ ಇಂತಹ ಒಂದು ಕೂಸಿತ್ತು. ತಾಯಿಯು ಬಾಗಿಲು ಹಾಕಿಕೊಂಡು ಒಬ್ಬಳೇ ಚೀಲವನ್ನು ಬದಲಾಯಿಸುತ್ತಿದ್ದಳು. ನಾಮಕರಣಕ್ಕೆ ಯಾರನ್ನೂ ಕರೆಯಲಿಲ್ಲ; ನಾಲ್ಕು ತಿಂಗಳು ಅವಳು ತವರಿಗೂ ಹೋಗಲಿಲ್ಲ. ಜನ ಏನೆನ್ನುವರೋ ಎಂಬ ಭಯ. ಒಂದು ದಿನ ಅವಳಿಗೆ ವಿಪರೀತ ಜ್ವರ ಬಂದು ಏಳಲಾರದೆ ಹೋದಾಗ, ಚೀಲವನ್ನು ಬದಲಾಯಿಸಬಲ್ಲವರು ಆ ತುಂಬಿದ ಮನೆಯಲ್ಲಿ ಇನ್ನೊಬ್ಬರಿರಲಿಲ್ಲ. ಕೂಸು ಹೊಲಸಿನಲ್ಲಿ ಮಲಗಿ ಕಿರುಚುತ್ತಿತ್ತು. ಆ ವೃದ್ಧೆ ಅತ್ತೆಯವರು ಸೆರಗು ಸಿಕ್ಕಿಸಿಕೊಂಡು ಒಳಕ್ಕೆ ಬಂದು, 'ಹೇಗೆಂದು ಮಲಗಿದಲ್ಲಿಂದಲೇ ಹೇಳಮ್ಮ. ಐದು ಮಕ್ಕಳ ಹೊಲಸು ಬಾಚಿದ ಕೈ ಇದು, ಇದಕ್ಕೇನು ಹೇಸಿಗೆ?' ಎಂದರಂತೆ. ಅಂದು ಅವರಿಗೆ ಅರ್ಧ ಗಂಟೆ ಹಿಡಿಯಿತು. ವಾರದೊಳಗೆ ಅವರೂ ಕೂಸಿನ ತಂದೆಯೂ ಅದನ್ನು ಚೆನ್ನಾಗಿ ಕಲಿತರು. ಮುಂದಿನ ತಿಂಗಳು ತಾಯಿ ಮಗು ತವರಿಗೆ ಹೋಗಿ ಎಂಟು ದಿನ ಇದ್ದು ಬಂದರು. ಒಬ್ಬಳೇ ಹೊತ್ತರೆ ಇದು ಮುಗಿಯದ ಭಾರ. ಮೂವರು ಬಲ್ಲರೆ ಮನೆಗೆಲಸಗಳಲ್ಲಿ ಇನ್ನೊಂದು. ಆಸ್ಪತ್ರೆಯಿಂದ ಹೊರಡುವ ಮುಂಚೆಯೇ ಮನೆಯ ಇಬ್ಬರಾದರೂ ದಾದಿಯ ಎದುರಿಗೆ ಚೀಲವನ್ನು ಬದಲಾಯಿಸಿ ತೋರಿಸಿ ಸರಿಯೆನ್ನಿಸಿಕೊಂಡು ಬರತಕ್ಕದ್ದು.

ಮುಖ್ಯ ಶಸ್ತ್ರಕ್ರಿಯೆಯಾದಮೇಲೆ ಹೊಸ ಗುದದ್ವಾರವು ಕುಗ್ಗಿ ಮುಚ್ಚಿಕೊಳ್ಳದಿರಲೆಂದು ಅನೇಕ ಶಸ್ತ್ರವೈದ್ಯರು, ಸುಮಾರು ಎರಡು ವಾರಗಳ ತರುವಾಯ, ನುಣುಪಾದ ಲೋಹದ ಕಡ್ಡಿಯಿಂದ ದಿನಕ್ಕೆ ಎರಡು ಸಲ ಅದನ್ನು ಹಿಗ್ಗಿಸಲು ಹೆತ್ತವರಿಗೆ ಕಲಿಸುವರು. ಈ ಕೆಲಸಕ್ಕೆ ತಾಯಂದಿರ ಕೈ ನಡುಗುವುದು ಸಹಜ. ಹಾಗೆಂದು ನಾಲ್ಕು ದಿನ ಬಿಟ್ಟರೆ ದ್ವಾರವು ಬಿಗಿದು ಮುಂದೆ ಹೆಚ್ಚು ನೋವಾಗುವುದು. ಹೊಟ್ಟೆಯ ಮೇಲಿನ ದ್ವಾರವನ್ನು ಮುಚ್ಚಿದ ಮೊದಲ ವಾರಗಳಲ್ಲಿ, ಎಂದೂ ಮಲ ಸೋಕದಿದ್ದ ಕೆಳಗಿನ ಚರ್ಮವು ಸುಟ್ಟಂತೆ ಕೆಂಪಾಗುವುದು. ಮಲವೂ ದಿನಕ್ಕೆ ಹತ್ತಾರು ಸಲ ಆಗುವುದು. ಇದನ್ನು ಮೊದಲೇ ಅರಿತು, ಮೊದಲ ದಿನದಿಂದಲೇ ಸತುವಿನ ಮುಲಾಮನ್ನು ದಪ್ಪವಾಗಿ ಹಚ್ಚಿರಬೇಕು. ಒರೆಸುವಾಗ ಮುಲಾಮನ್ನೆಲ್ಲ ಉಜ್ಜಿ ತೆಗೆಯದೆ, ಮಲವನ್ನಷ್ಟೇ ತೆಗೆದು ಮೇಲೆ ಮತ್ತೆ ಹಚ್ಚುವುದು. ಹಿರ್ಷ್‌ಸ್ಪ್ರಂಗ್ ರೋಗದ ಮಕ್ಕಳಲ್ಲಿ ಶಸ್ತ್ರಕ್ರಿಯೆಯು ಚೆನ್ನಾಗಿ ಆದಮೇಲೆಯೂ ಒಂದು ಅಪಾಯವು ಉಳಿದಿರುವುದು: ಕರುಳಿನ ಉರಿಯೂತ. ಹೊಟ್ಟೆಯುಬ್ಬರ, ದುರ್ನಾತದಿಂದ ಸಿಡಿಯುವ ಭೇದಿ, ಜ್ವರ, ಮಂಕು, ಇವು ಕೂಡಿ ಬಂದರೆ ಸಾಮಾನ್ಯ ಭೇದಿಯೆಂದು ಮನೆಮದ್ದು ಮಾಡುತ್ತ ಕುಳಿತಿರಬಾರದು. ಇದು ಗಂಟೆಗಳಲ್ಲಿ ಪ್ರಾಣಕ್ಕೆ ಬರಬಹುದಾದ ವ್ಯಾಧಿ.

ಗುಣವಾದ ಮಗುವು ಕೆಲಕಾಲ ಮೊದಲಿನಂತಿರದು. ಹಾಸಿಗೆಯಲ್ಲಿ ಮೂತ್ರಮಾಡುವುದು, ತಾಯಿಯ ಸೆರಗನ್ನು ಬಿಡದಿರುವುದು, ಬಿಳಿಯ ಅಂಗಿಯವರನ್ನು ಕಂಡು ಚೀರುವುದು, ಇವೆಲ್ಲ ಇರುವುವು. 'ಸುಮ್ಮನಿರದಿದ್ದರೆ ಡಾಕ್ಟರ ಹತ್ತಿರ ಸೂಜಿ ಚುಚ್ಚಿಸುವೆನು' ಎಂದು ಹೆದರಿಸುವ ಪದ್ಧತಿಯನ್ನು ಇಂತಹ ಮನೆಯಲ್ಲಿ ಸಂಪೂರ್ಣವಾಗಿ ಬಿಡತಕ್ಕದ್ದು. ಆ ಡಾಕ್ಟರ ಬಳಿಗೆ ಇನ್ನೂ ಎಷ್ಟೋ ಸಲ ಹೋಗಬೇಕಾಗಿದೆ. ಶಾಲೆಗೆ ಸೇರಿಸುವಾಗ ಉಪಾಧ್ಯಾಯರೊಡನೆ ಏಕಾಂತದಲ್ಲಿ ಮಾತನಾಡಿ, ಮಗು ಎದ್ದು ಹೋಗಬೇಕೆಂದಾಗ ತಡೆಯದಂತೆ ಕೇಳಿಕೊಂಡು, ಚೀಲದಲ್ಲಿ ಒಂದು ಜೊತೆ ಬಟ್ಟೆಯನ್ನು ಇಟ್ಟಿರುವುದು. ಗುದದ್ವಾರದ ದೋಷವಿದ್ದ ಮಕ್ಕಳಲ್ಲಿ ಕೆಲವರಿಗೆ ಮಲಬದ್ಧತೆಯೋ ಅರಿವಿಲ್ಲದೆ ಸೋರುವುದೋ ವರ್ಷಗಳವರೆಗೆ ಇರುವುದು. ಅದು ಸೋಮಾರಿತನವಲ್ಲ, ಹೊಡೆತದಿಂದ ಹೋಗುವುದಲ್ಲ. ಕ್ರಮವಾದ ಔಷಧ, ಎನಿಮಾ, ಊಟವಾದಮೇಲೆ ಗೊತ್ತಾದ ಹೊತ್ತಿಗೆ ಕುಳ್ಳಿರಿಸುವ ಅಭ್ಯಾಸ, ಇವುಗಳಿಂದ ಬಹುಮಟ್ಟಿಗೆ ಹತೋಟಿಗೆ ಬರುವುದು.

ಕೊನೆಯದಾಗಿ ಕಾಗದಪತ್ರಗಳ ವಿಷಯ. ಹೊಟ್ಟೆಯನ್ನು ಒಮ್ಮೆ ತೆರೆದಮೇಲೆ ಒಳಗೆ ಕರುಳುಗಳು ಅಲ್ಲಲ್ಲಿ ಅಂಟಿಕೊಳ್ಳುವುದುಂಟು; ತಿಂಗಳುಗಳ ಮೇಲಾಗಲಿ, ಎಷ್ಟೋ ವರ್ಷಗಳ ಮೇಲಾಗಲಿ ಆ ಅಂಟಿನಿಂದ ಕರುಳು ಕಟ್ಟಿ, ಹೊಟ್ಟೆನೋವೂ ಹಸುರು ವಾಂತಿಯೂ ಬರಬಹುದು. ಆಗ ನೋಡುವ ವೈದ್ಯರು ಬೇರೆಯವರಾಗಿರುವರು, ಊರೂ ಬೇರೆಯಾಗಿರಬಹುದು. ಕೂಸಾಗಿದ್ದಾಗ ಏನಾಯಿತೆಂದು ಹೇಳಲು ಆ ಹುಡುಗನಿಗೆ ನೆನಪಿರುವುದಿಲ್ಲ. ಆದಕಾರಣ ಆಸ್ಪತ್ರೆಯಿಂದ ಕಳುಹಿಸುವಾಗ ಕೊಟ್ಟ ಡಿಸ್ಚಾರ್ಜ್ ಕಾಗದವನ್ನು ಮೊಬೈಲಿನಲ್ಲಿ ಚಿತ್ರ ತೆಗೆದಿಟ್ಟುಕೊಳ್ಳುವುದಲ್ಲದೆ, ಮೂಲ ಪ್ರತಿಯನ್ನು ಮಗುವಿನ ಜಾತಕವನ್ನಿಟ್ಟಿರುವ ಪೆಟ್ಟಿಗೆಯಲ್ಲಿಯೇ ಇಟ್ಟರೆ ಕಳೆದುಹೋಗದು.